ನಿಂತಿದ್ದ ಹೆಂಗಸಿನ ಸಿನಿಮಾ

ಅಧ್ಯಕ್ಷ ಪೀಠದಲ್ಲಿ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಮಾನ್ಯ ಕಲ್ಲಪ್ಪ ಮೇಷ್ಟ್ರೇ, ಇಷ್ಟು ಹೊತ್ತು ಮೈಕಿನೊಡನೆ ಹೋರಾಡಿ ಗೆದ್ದ ಕಾರ್ಯದರ್ಶಿ ಮಾಲತೇಶ್ ಅವರೇ, ಮುಂದಿನ ಕುರ್ಚಿಗಳನ್ನೆಲ್ಲ ಹಿಡಿದು ಕುಳಿತಿರುವ ಶಿಕಾರಿಪುರದ ಸಭಿಕರೇ, ಒಂದೂಕಾಲರ ಬಸ್ಸಿನಲ್ಲಿ ನಿಂತೇ ಬಂದು ಇಲ್ಲಿಯೂ ನಿಲ್ಲಬೇಕಾದ ಸೊರಬದ ಸಭಿಕರೇ, ತಮಗೆಲ್ಲ ನನ್ನ ವಂದನೆ.

ಮೊದಲಿಗೆ ಒಂದು ಸಣ್ಣ ವಿಷಯ. ವೇದಿಕೆಯ ಮೇಲೆ ನನ್ನ ಎಡಗಡೆ ಯಾರೋ ನೀರು ಚೆಲ್ಲಿದ್ದಾರೆ. ಒರೆಸುವುದು ಬೇಡ ಮಾಲತೇಶ್, ನಾನೇ ಸ್ವಲ್ಪ ಬಲಕ್ಕೆ ಸರಿಯುತ್ತೇನೆ.

ಈಗಷ್ಟೇ ಓದಿದ ಸನ್ಮಾನಪತ್ರದಲ್ಲಿ ನನಗೆ ಹನ್ನೊಂದು ವಿಶೇಷಣಗಳನ್ನು ದಯಪಾಲಿಸಿದ್ದೀರಿ. ನನ್ನ ಮದುವೆಯ ಮಾತುಕತೆಯಲ್ಲಿ ನಮ್ಮ ಸೋದರಮಾವ ಎರಡೇ ಹೇಳಿದ್ದರು, ಅದರಲ್ಲೂ ಒಂದು ಸುಳ್ಳಾಗಿತ್ತು. “ಸರ್ವೆ ಇಲಾಖೆಯ ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಒಂದಾಣೆಯಷ್ಟೂ ಅಳತೆ ತಪ್ಪದ ಪರಮಶಿವಪ್ಪನವರು” ಎಂಬ ಸಾಲಿಗೆ ಬಹಳ ಚಪ್ಪಾಳೆ ಬಿತ್ತು. ಮೊಬೈಲಿನಲ್ಲೇ ಜಮೀನು ಅಳೆಯುವ ಇಂದಿನವರಿಗಾಗಿ ಹೇಳುತ್ತೇನೆ: ನಮ್ಮ ಕಾಲದ ಸರ್ವೆ ಸರಪಳಿ ಮೂವತ್ತಮೂರು ಅಡಿ, ಅದರ ಹದಿನಾರರಲ್ಲಿ ಒಂದು ಪಾಲಿಗೆ ಆಣೆ ಎಂದು ಹೆಸರು. ಆ ಸಾಲಿನ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ. ಅಲ್ಲಿಯವರೆಗೆ ಶಾಲು ಮೇಜಿನ ಮೇಲೆಯೇ ಇರಲಿ.

ಮಹನೀಯರೇ, ನಮ್ಮ ಚಿತ್ರಕೂಟಕ್ಕೆ ಹತ್ತು ವರ್ಷ ತುಂಬಿತು. ತಿಂಗಳ ಎರಡನೆಯ ಭಾನುವಾರ, ಮಧ್ಯಾಹ್ನ ಎರಡೂವರೆ, ಇದೇ ಸಭಾಂಗಣ, ಕಿಟಕಿಗಳಿಗೆ ಮೆಕ್ಕೆಜೋಳದ ಖಾಲಿ ಚೀಲ. ಬ್ರಿಟನ್ನಿನ ಮತ್ತು ಐರ್ಲೆಂಡಿನ ಸಿನಿಮಾಗಳನ್ನೇ ಯಾಕೆ ಆರಿಸಿಕೊಂಡೆವು? ಘನವಾದ ಕಾರಣವೇನೂ ಇಲ್ಲ. ಮಾಲತೇಶ್ ಅವರ ಷಡ್ಡಕ ಒಂದು ಪೆಟ್ಟಿಗೆ ಡಿಸ್ಕು ಕೊಟ್ಟರು. ಅದರಲ್ಲಿ ಇದ್ದದ್ದೇ ಅವು. ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಹಿಂದಿನ ಸಾಲಿಗೆ ಕಾಣುವುದಿಲ್ಲ, ಮುಂದಿನ ಸಾಲಿಗೆ ತಿಳಿಯುವುದಿಲ್ಲ. ಹಾಗಾಗಿ ತಾಳಮದ್ದಳೆಯ ಅರ್ಥಧಾರಿಯಂತೆ ಒಬ್ಬನು ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಕಥೆ ಹೇಳಬೇಕೆಂದು ಠರಾವಾಯಿತು. ಕಚೇರಿಯಲ್ಲಿ ಮೇಲಧಿಕಾರಿಗಳಿಗೆ ಇಂಗ್ಲಿಷಿನಲ್ಲಿ ಕ್ಷಮಾಪಣೆ ಬರೆದು ಬರೆದು ಪಳಗಿದವನು ನಾನೊಬ್ಬನೇ.

ಆ ಸಿನಿಮಾಗಳಲ್ಲಿ ಇದ್ದದ್ದೆಷ್ಟು, ನಾನು ಸೇರಿಸಿದ್ದೆಷ್ಟು? ಒಮ್ಮೆ ಒಬ್ಬ ಜಮೀನ್ದಾರ “ನೋ” ಎಂದ. ನಾನು ಅದರ ಅರ್ಥವನ್ನು ನಾಲ್ಕು ನಿಮಿಷ ಹೇಳಿದೆ. ಸೊರಬದ ರಾಜಪ್ಪ ಎದ್ದು ನಿಂತು, “ಅಲ್ರೀ, ಅಂವ ಒಂದೇ ಮಾತಂದಿದ್ದು. ನೀವು ಇಷ್ಟೊತ್ತು ಹೇಳ್ತೀರಲ್ಲ?” ಅಂದರು. “ಇಂಗ್ಲಿಷಿನವರು ಮಿತಭಾಷಿಗಳು ರಾಜಪ್ಪ, ಒಳಗೆ ಬಾಳ ಇರ್ತದೆ” ಅಂದೆ. ಸಭೆ ಒಪ್ಪಿತು.

ನಮ್ಮ ಇನ್ನೊಂದು ನಿಯಮವೂ ನಿಮಗೆ ಗೊತ್ತು. ಸಿನಿಮಾ ಮುಗಿದ ಮೇಲೆ ಪ್ರತಿಯೊಬ್ಬರೂ ಅಭಿಪ್ರಾಯ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು. ಆದರೆ ಹೇಳುವವನು ಮಾತ್ರ ಆ ಪುಸ್ತಕ ಓದಕೂಡದು. ಓದಿದರೆ ಒಂದೋ ತಲೆ ತಿರುಗುತ್ತದೆ, ಇಲ್ಲವೇ ಮುಖ ಊದುತ್ತದೆ ಎಂದು ಮೇಷ್ಟ್ರು ಅದನ್ನು ತಮ್ಮ ಬೀರುವಿನಲ್ಲಿ ಭದ್ರವಾಗಿಟ್ಟಿದ್ದರು. ಹೋದ ತಿಂಗಳು, ನಿಮ್ಮ ಅಚ್ಚುಮೆಚ್ಚಿನ ಸಿನಿಮಾಗಳ ಪಟ್ಟಿ ಮಾಡಲೆಂದು ಮೊದಲ ಸಲ ಅದು ನನ್ನ ಕೈಗೆ ಬಂತು. ಮತಚೀಟಿಗಳೂ ಬಂದವು.

ಹೆಸರುಗಳು ಯಾರಿಗೂ ನೆನಪಿಲ್ಲ. ನಾವು ಇಟ್ಟುಕೊಂಡ ಹೆಸರುಗಳಷ್ಟೇ ಇವೆ. ಮೂರನೆಯ ಸ್ಥಾನ, “ಟಪಾಲು ಬಚ್ಚಿಟ್ಟ ಮುದುಕನ ಸಿನಿಮಾ”. ಇದು ಶಿಕಾರಿಪುರದವರ ಮತ. ಕಚೇರಿ, ಕಾಗದ, ಚಹಾ ಇದ್ದರೆ ನಿಮಗೆ ಸಾಕು. ಎರಡನೆಯ ಸ್ಥಾನ, “ಬೇಲಿ ಸಿನಿಮಾ”. ಐರ್ಲೆಂಡಿನ ಅಣ್ಣತಮ್ಮಂದಿರು ಒಂದು ಬೇಲಿಗಾಗಿ ಇಪ್ಪತ್ತು ವರ್ಷ ಮಾತು ಬಿಟ್ಟ ಕಥೆ. ಅದಕ್ಕೆ ನಾನು ಅರ್ಥ ಹೇಳಲು ಬಾಯಿ ತೆರೆದಾಗ ಸೊರಬದವರು, “ನೀವು ಕೂತ್ಕಳ್ರಿ, ಇದು ನಮಗೆ ತಿಳೀತದೆ” ಅಂದಿದ್ದರು.

ಇನ್ನು ಮೊದಲ ಸ್ಥಾನ. ನಲವತ್ತೊಂದು ಚೀಟಿಗಳಲ್ಲಿ ಮೂವತ್ತೊಂದರ ಮೇಲೆ ಒಂದೇ ಹೆಸರು: “ನೀರಿಗೆ ಹೋದ ಹೆಂಗಸಿನ ಸಿನಿಮಾ”. ಇಂದು ಮತ್ತೊಮ್ಮೆ ಅದನ್ನೇ ತೋರಿಸೋಣವೆಂದು ಮಾಲತೇಶ್ ಮೂರು ವಾರ ಇಂಟರ್ನೆಟ್ಟಿನಲ್ಲಿ ಹುಡುಕಿದರು. ಪೆಟ್ಟಿಗೆಯಲ್ಲಿಲ್ಲ, ಪ್ರಪಂಚದಲ್ಲೇ ಇಲ್ಲ. “ಸರ್, ಅದರ ಹೆಸರು ಹೇಳ್ರೀ, ನೀವೇ ಹಾಕಿದ್ದಲ್ವಾ?” ಎಂದು ದಿನಕ್ಕೊಮ್ಮೆ ಕೇಳಿದರು. ನಾನು ದಿನಕ್ಕೊಂದು ನೆಪ ಹೇಳಿದೆ.

ಸಭಿಕರೇ, ಆ ಸಿನಿಮಾವನ್ನು ನಾನು ತೋರಿಸಿಲ್ಲ.

ನಗಬೇಡಿ. ಮೂರು ವರ್ಷದ ಹಿಂದಿನ ಆಷಾಢ, ಎರಡನೆಯ ಭಾನುವಾರ. ಮಾಲತೇಶ್ ಹರಿಹರಕ್ಕೆ ಹೋಗಿದ್ದರು, ಯಂತ್ರ ನನ್ನ ಸುಪರ್ದಿಯಲ್ಲಿತ್ತು. ಪರದೆ ಕಟ್ಟಿದೆ, ಚೀಲ ಬಿಗಿದೆ, ಡಿಸ್ಕು ಹಾಕುವ ಮುಂಚೆಯೇ ಕರೆಂಟು ಹೋಯಿತು. ಸೊರಬದ ಬಸ್ಸು ಐದಕ್ಕೆ. ಒಳಗೆ ಅಮಾವಾಸ್ಯೆಯ ಕತ್ತಲು. ಸುಮ್ಮನೆ ಕೂರಿಸುವುದು ಹೇಗೆ? “ಸಿನಿಮಾ ಶುರುವಾಗಿದೆ. ನಿಮಗೆ ಕಾಣ್ತಾ ಇಲ್ಲ, ನನಗೆ ಕಾಣ್ತದೆ” ಅಂದೆ. ನೀವು ನಕ್ಕಿರಿ. ನಾನು ಒಂದೂವರೆ ಗಂಟೆ ಹೇಳಿದೆ. ಕರೆಂಟು ಬರಲೇ ಇಲ್ಲ. ಕಾರ್ಯಕ್ರಮದ ರಿಜಿಸ್ಟರಿನಲ್ಲಿ ನನ್ನದೇ ಅಕ್ಷರದಲ್ಲಿದೆ: “ವಿದ್ಯುತ್ ಇಲ್ಲ. ಪ್ರದರ್ಶನ ರದ್ದು.”

ಏನು ಹೇಳಿದೆ? ಐರ್ಲೆಂಡಿನ ಒಂದು ಹಳ್ಳಿ. ಒಂದು ಕೆರೆ, ಒಂದು ಬಾವಿ. ಜಮೀನು ಅಳೆಯಲು ಲಂಡನ್ನಿನಿಂದ ಒಬ್ಬ ಸರ್ವೆಯರು ಬರುತ್ತಾನೆ, ಯಾರಿಗೂ ನೆಂಟನಲ್ಲ. ಅವನು ಬಾಂದುಕಲ್ಲು, ಅಂದರೆ ಗಡಿಯ ಕಲ್ಲು, ತಪ್ಪಾಗಿ ನೆಡುತ್ತಾನೆ. ಬಾವಿ ಪಕ್ಕದವನ ಪಾಲಿಗೆ ಹೋಗುತ್ತದೆ. ಒಬ್ಬ ಹೆಂಗಸು ನೀರಿಗೆ ಕೆರೆಗೆ ಹೋಗಬೇಕಾಗುತ್ತದೆ. ಕೊನೆಗೆ ಸರ್ವೆಯರಿಗೆ ಬುದ್ಧಿ ಬಂದು, ಕಲ್ಲು ಕಿತ್ತು ಸರಿಯಾದ ಜಾಗದಲ್ಲಿ ನೆಡುತ್ತಾನೆ. ಅವಳು ಬಾವಿಯಿಂದ ನೀರು ಸೇದಿಕೊಂಡು ನಗುತ್ತ ಮನೆಗೆ ಹೋಗುತ್ತಾಳೆ. ಶುಭಂ. ನಾನು ಹೇಳಿದ್ದು ಇಷ್ಟೇ.

ಈಗ ನಿಮ್ಮ ಪುಸ್ತಕ ಓದುತ್ತೇನೆ. “ಆಕೆ ಕಾಲು ಜಾರುವ ದೃಶ್ಯ ಮನ ಕಲಕಿತು.” ನಾನು ಜಾರಿಸಿರಲಿಲ್ಲ. “ಕಪ್ಪುಬಿಳುಪು ಚಿತ್ರವಾದರೂ ನೀರಿನ ಹಸಿರು ಚೆನ್ನಾಗಿ ಬಂದಿದೆ.” “ಬಾಯಿ ನೆಗ್ಗಿದ ಹಿತ್ತಾಳೆ ಕೊಡ ಐರ್ಲೆಂಡಿನಲ್ಲೂ ಉಂಟೆಂದು ತಿಳಿದು ಸಂತೋಷವಾಯಿತು.” ಕೊಡದ ಮಾತನ್ನೇ ನಾನು ಎತ್ತಿರಲಿಲ್ಲ. ಇನ್ನು ನಮ್ಮ ರಾಜಪ್ಪ, ಸದಾ ದೂರು ಬರೆಯುವವರು: “ಚಿತ್ರ ಉತ್ತಮ. ಆದರೆ ಹೇಳುವವರ ಎಡಗಡೆ ಒದ್ದೆ ಸೀರೆಯಲ್ಲಿ ನಿಂತಿದ್ದ ಹೆಂಗಸು ಪರದೆಗೆ ಅಡ್ಡವಾಗುತ್ತಿದ್ದರು. ಮುಂದಿನ ಸಲ ಅವರಿಗೊಂದು ಕುರ್ಚಿ ಕೊಡಬೇಕಾಗಿ ವಿನಂತಿ.”

ಪುಸ್ತಕ ಮುಚ್ಚಿದವನು ಆ ದಿನ ಊಟ ಮಾಡಲಿಲ್ಲ. ಮರುದಿನ ರಾಜಪ್ಪನವರ ಮನೆಗೆ ಹೋಗಿ, ಅವತ್ತು ಕರೆಂಟೇ ಇರಲಿಲ್ಲವಲ್ಲ ಎಂದೆ. “ಬಂತಲ್ರೀ ಆಮೇಲೆ! ನೀವೇ ಹಚ್ಚಿದ್ರಿ. ವಯಸ್ಸಾಯ್ತು ನಿಮಗೆ” ಎಂದು ಚಹಾ ಕೊಟ್ಟರು. ಹೌದು, ವಯಸ್ಸಾಯಿತು. ಆದರೆ ಕೊಡದ ಬಾಯಿ ನೆಗ್ಗಿದ್ದು ಹೇಗೆಂದು ನನಗೆ ಗೊತ್ತು. ಹನ್ನೆರಡು ವರ್ಷದವನಿದ್ದಾಗ ಅದನ್ನು ಬಾವಿಕಟ್ಟೆಯ ಮೇಲೆ ಬೀಳಿಸಿದವನು ನಾನು. ಬೈಸಿಕೊಂಡವಳು ನನ್ನ ತಂಗಿ ಚೌಡೇಶ್ವರಿ.

ಸ್ವಂತ ಪುರಾಣ ಹೇಳುವುದು ನನ್ನ ಉದ್ದೇಶವಾಗಿರಲಿಲ್ಲ. ಅಧ್ಯಕ್ಷರು ಗಡಿಯಾರ ನೋಡುವುದನ್ನು ಬಿಟ್ಟಿದ್ದಾರೆ, ಆದ್ದರಿಂದ ಹೇಳಿಬಿಡುತ್ತೇನೆ. ನಮ್ಮೂರು ಕುಬಟೂರಿನಲ್ಲಿ ನಮ್ಮದೂ ಚಿಕ್ಕಪ್ಪನದೂ ಜಮೀನು ಪಾಲಾಯಿತು. ಹದ್ದುಬಸ್ತು ಮಾಡಬೇಕು, ಗಡಿ ಗುರುತಿಸಬೇಕು. “ಮನೆಯಾಗೇ ಸರ್ವೆಯರು ಇದ್ದಾನೆ, ಹೊರಗಿನೋರು ಯಾಕೆ ಬೇಕ್ರೀ?” ಅಂದರು ಊರಿನವರು. ಸರಪಳಿ ಹಿಡಿದೆ. ಸುತ್ತ ಐವತ್ತು ಜನ. ಎಲ್ಲರ ಕಣ್ಣಿನಲ್ಲೂ ಒಂದೇ ಪ್ರಶ್ನೆ, ಇವನು ತನ್ನ ಮನೆ ಕಡೆ ಎಳೆಯುತ್ತಾನೋ ಇಲ್ಲವೋ? ಎಳೆಯಲಿಲ್ಲ. ನ್ಯಾಯವಂತನೆಂದು ಕರೆಸಿಕೊಳ್ಳುವ ಆಸೆಗೆ ನಾಲ್ಕಾಣೆ, ಎಂಟು ಅಡಿ ಚಿಲ್ಲರೆ, ನಮ್ಮ ಕಡೆಗೇ ಒಳಕ್ಕೆ ಒತ್ತಿ ಕಲ್ಲು ನೆಡಿಸಿದೆ. ಜನ “ಧರ್ಮರಾಯ ಕಣಪ್ಪ” ಅಂದರು. ಬಾವಿ ಚಿಕ್ಕಪ್ಪನಿಗೆ ಹೋಯಿತು. ವಾರದೊಳಗೆ ಬೇಲಿ ಬಂತು.

ಚೌಡೇಶ್ವರಿ ಒಂದು ಮಾತು ಕೇಳಿದಳು. ಸಿಟ್ಟಿನಿಂದಲ್ಲ; ಅವಳು ಸರಪಳಿಯ ಇನ್ನೊಂದು ತುದಿ ಹಿಡಿದಿದ್ದವಳು, ಎಣಿಸಲು ಬರುತ್ತಿತ್ತು. ನಾನು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಮರುದಿನ ಕೆರೆಗೆ ಹೋದಳು. ಅದೂ ಒಂದು ಮಧ್ಯಾಹ್ನ. ಕೊಡ ತೇಲುತ್ತಿತ್ತು.

ಅವಳು ಏನು ಕೇಳಿದ್ದಳೆಂದು ನಾನು ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ. ಮನೆಯಲ್ಲಿ ಆಗ ನಾವಿಬ್ಬರೇ ಇದ್ದೆವು.

ಅಭಿಪ್ರಾಯ ಪುಸ್ತಕದ ಆ ದಿನದ ಕೊನೆಯ ಸಾಲು ನಿವೃತ್ತ ದಾದಿ ಯಮುನಮ್ಮನವರದು, ಅಗೋ ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ: “ಕೊನೆಗೆ ಆಕೆ ಒಂದು ಮಾತು ಆಡಿದಳು. ಹೇಳುವವರು ಅದೊಂದಕ್ಕೆ ಮಾತ್ರ ಅರ್ಥ ಹೇಳಲಿಲ್ಲ.” ಹೋದ ಭಾನುವಾರ ಅವರ ಮನೆಗೆ ಹೋಗಿ ಕೇಳಿದೆ: ಯಮುನಮ್ಮ, ಇಂಗ್ಲಿಷ್ ಮಾತು ನಿಮಗೆ ಹೇಗೆ ತಿಳಿಯಿತು?

“ಇಂಗ್ಲಿಷ್ ಎಲ್ಲಿ ಬಂತ್ರೀ? ಕನ್ನಡದಾಗೇ ಅಂದ್ಲಲ್ಲ. ನಿಮ್ಮ ಕಡೆ ತಿರುಗಿ, ‘ಅಳತೆ ಸರಿ ಇತ್ತೇನೋ ಅಣ್ಣಾ?’ ಅಂದ್ಲು. ನೀವು ಸುಮ್ನೆ ನಿಂತ್ರಿ. ಪಾಪ, ಅವಳು ಉತ್ತರಕ್ಕೆ ಕಾಯ್ತಾನೇ ಇದ್ಲು.”

ಅದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ನನ್ನ ಕಥೆಯಲ್ಲಿ ಅಣ್ಣನೇ ಇರಲಿಲ್ಲ ಸಭಿಕರೇ.

ಮೇಷ್ಟ್ರೇ, ಈಗ ಸನ್ಮಾನಪತ್ರದ ಆ ಸಾಲಿಗೆ ಬಂದಿದ್ದೇನೆ. ದಯವಿಟ್ಟು ಪೆನ್ನು ತೆಗೆಯಿರಿ. “ಒಂದಾಣೆಯಷ್ಟೂ ಅಳತೆ ತಪ್ಪದ” ಎಂಬಲ್ಲಿ ಗೀಟು ಎಳೆಯಿರಿ. ಸ್ಪಷ್ಟವಾಗಿ ಎಳೆಯಿರಿ, ಹಿಂದೆ ನಿಂತವರಿಗೂ ಕಾಣಬೇಕು. ಸರಿ ಇರಲಿಲ್ಲ. ನಾಲ್ಕಾಣೆ ತಪ್ಪಿತ್ತು. ಗೊತ್ತಿದ್ದೇ ತಪ್ಪಿಸಿದೆ. ಮೈಕು ಕೆಲಸ ಮಾಡುತ್ತಿದೆಯೇ ಮಾಲತೇಶ್? ಹಾಗಾದರೆ ಇನ್ನೊಮ್ಮೆ ಹೇಳುತ್ತೇನೆ. ಸರಿ ಇರಲಿಲ್ಲ, ತಂಗೀ.

ಮೊದಲ ಸಾಲಿನವರು ಬಹಳ ಹೊತ್ತಿನಿಂದ ನನ್ನನ್ನು ನೋಡುತ್ತಿಲ್ಲ. ನನ್ನ ಎಡಗಡೆ ನೋಡುತ್ತಿದ್ದೀರಿ. ನಾನು ತಿರುಗುವುದಿಲ್ಲ, ಅಷ್ಟು ಧೈರ್ಯವಂತನೆಂದು ಸನ್ಮಾನಪತ್ರದಲ್ಲೂ ಬರೆದಿಲ್ಲ. ಮಾಲತೇಶ್, ಮೇಜಿನ ಮೇಲಿರುವ ಆ ಶಾಲು ಒದ್ದೆಯಾಗಿಲ್ಲ, ಬೆಚ್ಚಗಿದೆ. ಅದನ್ನು ನನಗೆ ಹೊದಿಸಬೇಡಿ. ಇಲ್ಲಿ, ಈ ಕಡೆಗೆ ಚಾಚಿ ಹಿಡಿಯಿರಿ. ಬೇಕಾದವರು ತೆಗೆದುಕೊಳ್ಳುತ್ತಾರೆ. ಮತ್ತು ರಾಜಪ್ಪನವರ ಮೂರು ವರ್ಷದ ಹಳೆಯ ವಿನಂತಿಯಂತೆ ಒಂದು ಕುರ್ಚಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದಕ್ಕೆ ಕೃತಜ್ಞತೆಗಳು. ಕುಳಿತವರಿಗೂ, ನಿಂತೇ ಕೇಳಿದವರಿಗೂ, ನಮಸ್ಕಾರ.