ತೊಟ್ಲದಾಗಿನ ಮೊಳಿ

ಹಲೋ… ಹಲೋ, ಯಾರು ಮಾತಾಡಾಕತ್ತೀರಿ? ಕಮಲಾಪುರದ ಬಡಿಗೇರ ಪೀರಪ್ಪಣ್ಣ ಏನ್ರಿ?

… ನಾ ರೀ, ನಾಗರತ್ನಾ. ನಿಮ್ಮೂರ ಕಲ್ಯಾಣಪ್ಪನ ಮಗಳು. ಕಲಬುರಗಿ ಶಹಾಬಜಾರಕ್ಕ ಕೊಟ್ಟಾರಲ್ಲ, ಅಕಿ.

… ಹಾಂ, ಆರಾಮ ಅದೀವಿ. ಮಗಳು ಅಂಬಿಕಾ ಹಡದಾಳ, ಗಂಡು. ನಾಳೆ ತೊಟ್ಲಾ ಕಾರ್ಯ ಇಟ್ಕೊಂಡೀವಿ. ಬೀಗರು ಸ್ಟೀಲಿನ ತೊಟ್ಲಾ ತರ್ತೀವಿ ಅಂದ್ರು. ಬ್ಯಾಡ್ರಿ, ಅಂಬಿಕಾ ಮಲಗಿದ ತೊಟ್ಲಾ ಅದ, ಮೊಮ್ಮಗನೂ ಅದರಾಗೇ ಮಲಗಬೇಕು ಅಂತ ದೊಡ್ಡದಾಗಿ ಹೇಳಿ ಕಳಿಸೀನಿ. ನಿಮ್ಮಪ್ಪ ಮಾಡಿದ್ದು, ನೆನಪದ ಅಲ್ಲಾ?

… ಅದೇ, ಸಾಗವಾನಿದು. ಈಗ ಅದರಾಗಿನ ಮೊಳಿ ಬರವಲ್ವು. ನೀವು ಇವತ್ತೇ ಬಂದು ಒಂದೀಟು…

… ಏನಂದ್ರಿ? ಅದರಾಗ ಒಂದೂ ಮೊಳಿ ಇಲ್ಲಾ? … ಹೌದ್ರಿ, ನಂಗೊತ್ತದ. ಕೂಸಿನ ತೊಟ್ಲಕ್ಕ ಕಬ್ಬಿಣ ತಾಗಸಬಾರದಂತ ಬರೇ ಕಟ್ಟಿಗಿ ಗೂಟದ ಮ್ಯಾಲೇ ಕೂಡಿಸಿದ್ರು. ಈ ಮೊಳಿ ನಿಮ್ಮಪ್ಪನವು ಅಲ್ಲ. ನಮ್ಮನಿಯವರವು.

… ಹ್ಯಾಂಗ ಹೇಳಲಿ ಅಣ್ಣಾ. ಮೂರು ವರ್ಷದ ಹಿಂದ ಅವರಿಗೆ ಬಡಿಗತನ ಮಾಡೋ ಹುಚ್ಚು ಹಿಡೀತು. ಮೊಬೈಲ್‌ದಾಗ ನೋಡೋದು, ಮನ್ಯಾಗ ಬಡಿಯೋದು. ನಾ ಮಹಾಗಾಂವಕ್ಕ ಹೋಗಿದ್ದೆ, ಎರಡೇ ದಿವಸ. ತೊಟ್ಲಾ ಸುಮ್ನ ಬಿದ್ದದ ಅಂತ ಅಡ್ಡ ಹಲಗಿ ಬಡದು… ಚಪ್ಪಲಿ ಸ್ಟ್ಯಾಂಡ್ ಮಾಡಿದ್ರು.

… ಅಯ್ಯ, ಪೀರಪ್ಪಣ್ಣಾ, ಎಷ್ಟು ಒದರತೀರಿ!

… ಬೈರಿ. ನಾನೂ ಬೈದೀನಿ. ಆದ್ರ ಕೂಸು ಏನ್ ಮಾಡ್ಯದ, ಹೇಳ್ರಿ? ನಾಳೆ ಬೀಗರ ಮುಂದ ಅದನ್ನ ಎಲ್ಲಿ ಮಲಗಸಲಿ?

… ಅವರೇ ಕೀಳಾಕತ್ತಿದ್ರಲ್ಲ, ಮುಂಜಾನಿಂದ ಅದೇ ಕೆಲಸ. ಪಕ್ಕಡ ಕೊಡು ಅಂದ್ರು. ನಾ ಒಲಿ ಮುಂದಿದ್ದೆ, ಚಹಾದ ಬೋಗಾಣಿ ಇಳಸೋ ಪಕ್ಕಡ ಕೊಟ್ಟೆ. ಇಷ್ಟು ದೊಡ್ಡ ಬಡಿಗ್ಯಾರು, ಯಾವ ಪಕ್ಕಡ ಅಂತ ನೋಡಬೇಕಿಲ್ಲೋ? ಅದರಲೇ ಹಿಡದು ಜಗ್ಗಿದ್ರು. ಮೊಳಿ ಅಲ್ಲೇ ಅದ, ಪಕ್ಕಡದ ಬಾಯಿ ಸೊಟ್ಟ ಆಗ್ಯದ. ನಾ ಈಗ ಸೆರಗಿಲೇ ಚಹಾ ಇಳಸಾಕತ್ತೀನಿ.

… ಮೊಳಿ ಕೀಳೋ ಜಂಬೂರ ಅದ ರೀ. ಹೋದ ವರ್ಷ ತಂದಾರ, ಪ್ಯಾಕೆಟ್ ಸೈತ ಒಡದಿಲ್ಲ. ಈಗ ಇನ್ನೇನೋ ತರ್ತೀನಂತ ಜಗತ್ ಸರ್ಕಲ್‌ದ ಅಂಗಡಿಗೆ ಹೋಗ್ಯಾರ.

… ಹಾಂ? ಹಿಂದ ನೋಡಬೇಕಾ? ತಡೀರಿ, ತೊಟ್ಲಾ ತಿರುವಿ ಡಬ್ಬ ಹಾಕ್ತೀನಿ. … ಹೌದ್ರಿ, ಮೊಳಿ ತುದಿ ಈ ಕಡೆ ಬಂದು ಮಡಚ್ಯಾವ. ಜನ್ಮದಾಗ ಬರಬಾರದಂತ ಬಡದು ಮಡಚ್ಯಾರ, ಪುಣ್ಯಾತ್ಮರು. ತಾವೇ ಮಡಚಿದ್ದು ತಮಗೇ ನೆನಪಿಲ್ಲ, ಮುಂದ ನಿಂತು ಜಗ್ಗತಾರ.

… ನಾನಾ? ಇವತ್ತ ನಿಮಗ ಬರಾಕ ಆಗಂಗಿಲ್ಲಂತ ನಾ ಕೀಳಬೇಕಾ? … ಆತು, ಹೇಳ್ರಿ. ಮೊದಲ ತುದಿ ನೆಟ್ಟಗ ಮಾಡ್ಲಾ? … ಆತು. ಹಿಂದಿಂದ ಸುತ್ತಿಗಿಲೇ ಸಣ್ಣಗ ಬಡೀಲಾ? … ಹಾಂ, ಮುಂದ ತಲಿ ಎದ್ದದ. … ಕೆಳಗ ತೆಳ್ಳನ ಕಟ್ಟಿಗಿ ಚೂರು ಇಟ್ಟು, ತಲಿ ಹಿಡದು, ಜಂಬೂರ ಬಾಜೂಕ ವಾರಿ ಮಾಡಿ ಬಾಗಸಬೇಕು. ಜಗ್ಗಬಾರದು, ಹೌದಿಲ್ಲೋ?

… ಬಂತು ಅಣ್ಣಾ. ಬೆಣ್ಣ್ಯಾಗಿನ ಕೂದಲಾ ತಗದಂಗ ಬಂತು. ತಡೀರಿ, ಫೋನ್ ಬಾಜೂಕ ಇಡ್ತೀನಿ.

… ಹಲೋ, ಇದ್ದೀರಿ? ಎಂಟೂ ಮೊಳಿ ಬಂದ್ವು. ಕಣ್ಣಾಗ ನೀರ ಬರಾಕತ್ತಾವ ನೋಡ್ರಿ, ಸುಳ್ಳಲ್ಲ. ನಾಳೆ ಮೊದಲ ಬಸ್ಸಿಗೇ ಬಂದು ಆ ತೂತಿಗೆ ಗೂಟ ಹಾಕಿ ಕೊಡ್ರಿ. ಊಟ ಇಲ್ಲೇ.

… ಒಂದ್ ನಿಮಿಷ, ಬಾಗಿಲ ಮುಂದ ಆಟೋ ನಿಂತದ. ಬಂದ್ರು ನಮ್ಮ ಬಡಿಗ್ಯಾರು. ಏನೋ ಇಳಸಾಕತ್ತಾರ, ಥಳಥಳ ಹೊಳೀತದ… ಸ್ಟೀಲಿನ ತೊಟ್ಲಾ ತಂದಾರ ರೀ.

… ವಾಪಸ್ ಯಾಕ್ರಿ? ಇರಲಿ. … ಏನ್ರೀ, ಒಳಗ ತರಬ್ಯಾಡ್ರಿ ಅದನ್ನ, ಬಾಗಿಲ ಹೊರಗೇ ಇಡ್ರಿ. ಚಪ್ಪಲಿ ಇಡಾಕ ಒಂದು ಬೇಕೇ ಆಗಿತ್ತು. … ಹಲೋ, ಪೀರಪ್ಪಣ್ಣಾ, ನೀವ್ಯಾಕ ನಗ…