ಹ್ಯಾಪ್ ಮಂದಿ ಬೇಡ, ಮಿಸೆಸ್ ಟೂಹಿ

ಸರಿಯಾಗಿ ಹೇಳಿದ್ರಿ, ಮಿಸೆಸ್ ಟೂಹಿ! ಬಾಡಿಗೆ ಸಹಾಯಧನದ ಮೇಲೆ ಬದುಕೋ ಈ ಹ್ಯಾಪ್ ಮಂದಿ ಬೇಡವೇ ಬೇಡ. ಬಾಡಿಗೆ ನಗರದ ಕೌನ್ಸಿಲ್‌ನವರು ಕಟ್ಟಬೇಕಂತೆ, ಇವರು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರ್ತಾರಂತೆ... ನನಗೂ ಅಂಥವರನ್ನ ಕಂಡ್ರೆ ಆಗಲ್ಲ. ಹೊರಗೆ ಸಾಲಲ್ಲಿ ನಿಂತಿದ್ದಾಗ್ಲೇ ನೋಡಿದೆ. ನನಗಿಂತ ಮುಂಚೆ ಬಂದು ಹೋದಳಲ್ಲ, ಹಸಿರು ಕೋಟಿನವಳು, ಮನೆ ನೋಡೋಕೆ ಬಂದಿದ್ದಳಾ, ಮದುವೆಗೆ ಬಂದಿದ್ದಳಾ? ಮೈತುಂಬ ಸೆಂಟು! ಹೋಟೆಲ್ ರೂಮಿನ ವಾಸನೆ ಮುಚ್ಚೋಕೆ, ಇನ್ಯಾಕೆ? ...ಯಾಕೆ ನಗ್ತೀರಾ? ನಿಜಾನೇ ಹೇಳ್ತಿರೋದು. ಮನೆ ಇಲ್ಲದೋರನ್ನ ಕೌನ್ಸಿಲ್‌ನವರು ಹೋಟೆಲಲ್ಲಿ ಇಟ್ಟಿರ್ತಾರಲ್ಲ, ಅದೇ ಗಿರಾಕಿ ಅವಳು. ನಾನು ನೋಡಿದ ತಕ್ಷಣ ಹೇಳಿಬಿಡ್ತೀನಿ.

ನಾನಾ? ಗ್ರಾನ್ಯ ಅಂತ, ಗ್ರಾನ್ಯ ಡೆವೇನಿ. ಬೇಕರೀಲಿ ಕೆಲಸ, ಬೆಳಗಿನ ಪಾಳಿ. ಎರಡು ಮಕ್ಕಳು, ಬಾಯಿ ಬಿಡದ ಮಕ್ಕಳು. ಸದ್ಯಕ್ಕೆ ಕಬ್ರಾ ಬಡಾವಣೇಲಿ ಅಕ್ಕನ ಮನೇಲಿದೀವಿ. ದೊಡ್ಡ ಮನೆ, ಜಾಗಕ್ಕೇನೂ ಕೊರತೆ ಇಲ್ಲ... ಆದ್ರೂ ನಮ್ಮದು ಅಂತ ಒಂದು ಬೇಕಲ್ವಾ?

ಅಯ್ಯೋ, ಏಳಬೇಡಿ, ಏಳಬೇಡಿ! ಆ ಮಂಡಿ ನೋವು ಇಟ್ಕೊಂಡು... ಟೀ ನಾನು ಮಾಡ್ತೀನಿ. ಕೆಟಲ್ ಇದೇನಾ? ಎಷ್ಟು ಚೆನ್ನಾಗಿದೆ ರೀ ಅಡುಗೆಮನೆ! ಒಲೆ... ನಾಲ್ಕು ಬರ್ನರ್‌ದು. ನಾಲ್ಕೂ ಹತ್ತುತ್ತಾ? ಸುಮ್ನೆ, ಸುಮ್ನೆ ತಿರುಗಿಸಿದೆ. ಅಬ್ಬಾ, ಹತ್ತಿತು! ...ಆರಿಸ್ತೀನಿ, ಆರಿಸ್ತೀನಿ.

ಏನಂದ್ರಿ? ಮೂಸಿದ್ನಾ? ಕೆಟಲ್‌ನಾ? ಇಲ್ವಲ್ಲ... ಹೂಂ, ಮೂಸಿರಬಹುದು. ಅದೊಂದು ಅಭ್ಯಾಸ. ಒಳಗೆ ಮೊಟ್ಟೆ ವಾಸನೆ ಇದ್ರೆ ಟೀ ಕೆಟ್ಟುಹೋಗುತ್ತೆ ನೋಡಿ.

ಕೆಟಲಲ್ಲಿ ಮೊಟ್ಟೆ ಯಾರು ಬೇಯಿಸ್ತಾರೆ ಅಂತೀರಾ? ನಿಮಗೆ ಗೊತ್ತೇ ಇಲ್ಲ ಪಾಪ! ಆ ಹೋಟೆಲ್ ಮಂದಿ ಬೇಯಿಸ್ತಾರೆ. ರೂಮಲ್ಲಿ ಒಲೆ ಇಡೋ ಹಾಗಿಲ್ಲ, ಕೆಟಲ್ ಒಂದೇ ಗತಿ. ಮೊಟ್ಟೆ, ನೂಡಲ್ಸ್, ಸಾಸೇಜು ಕೂಡ! ನಗಿ, ನಗಿ. ಕುದಿ ಬಂದ ತಕ್ಷಣ ಅದರ ಸ್ವಿಚ್ಚು ತಾನೇ ಆಫ್ ಆಗುತ್ತಲ್ಲ, ಬೆರಳಲ್ಲಿ ಒತ್ತಿ ಹಿಡ್ಕೊಂಡೇ ನಿಂತಿರ್ಬೇಕು. ಆವಿ ಹೊಡೆದು ಚರ್ಮ ಸುಡುತ್ತೆ. ಬೆರಳಿಗೆ ಕಾಲುಚೀಲ ಸುತ್ತಿಕೊಂಡ್ರೆ ಪರವಾಗಿಲ್ಲ. ಹಾಲು ಕಿಟಕಿಯ ಹೊರಗೆ, ಅದೂ ಹಾಗೇ ಇಟ್ರೆ ಕಡಲಹಕ್ಕಿ ಬಂದು ಕುಕ್ಕುತ್ತೆ, ಬೂಟಿನೊಳಗೆ ಇಳಿಸಿಡಬೇಕು. ಮಕ್ಕಳು ಕಾರಿಡಾರಿಗೆ ಕಾಲಿಟ್ರೆ ಮ್ಯಾನೇಜರ್ ಬಾಗಿಲು ಬಡೀತಾನೆ. ಅದಕ್ಕೇ ಒಬ್ಬ ಮಂಚದ ಮೇಲೆ, ಒಬ್ಬಳು ಸ್ನಾನದ ತೊಟ್ಟೀಲಿ ಕೂತು ಶಾಲೆ ಪಾಠ ಬರೀತಾರೆ. ತೊಟ್ಟೀನೇ ವಾಸಿ, ಬೆನ್ನಿಗೊಂದು ದಿಂಬು ಇಟ್ರೆ...

ನನಗೆ ಹೇಗೆ ಗೊತ್ತು? ನನ್ನ ಗೆಳತಿ ಒಬ್ಬಳು ಹೋಟೆಲಲ್ಲಿ ಕಸ ಗುಡಿಸೋಕೆ ಹೋಗ್ತಾಳೆ. ಕಬ್ರಾದಲ್ಲಿ, ಈಗ ಅವಳ ಮನೇಲೇ ತಾನೇ ನಾವಿರೋದು... ಅಕ್ಕನ ಮನೆ ಅಂದಿದ್ನಾ? ಅಕ್ಕನೂ ಅಲ್ಲೇ ಇದಾಳೆ. ಎಲ್ಲರೂ... ದೊಡ್ಡ ಮನೆ ಅಂದ್ನಲ್ಲ.

ಏನು ಹಾಗೆ ನೋಡ್ತಿದೀರಾ? ಈಗ ತಾನೇ ನಗ್ತಿದ್ರಿ...

ಮಿಸೆಸ್ ಟೂಹಿ?

ಓ. ನನ್ನ ಸುಟ್ಟ ಬೆರಳು ನೋಡ್ತಿದೀರಾ. ನೋಡಿ, ಚೆನ್ನಾಗಿ ನೋಡಿ. ಬೇಕರಿ ಒಲೇಲಿ ಸುಟ್ಟಿದ್ದು ಅಂತ ಇನ್ನೊಂದು ಸುಳ್ಳು ಹೇಳಬಹುದು. ಸಾಕಾಯ್ತು ನನಗೆ. ನಾವಿರೋದು ಹೋಟೆಲಲ್ಲೇ. ಆ ಹಸಿರು ಕೋಟಿನವಳು ನಮ್ಮ ಪಕ್ಕದ ರೂಮಿನವಳು. ಅವಳ ಸೆಂಟನ್ನೇ ನಾನೂ ಹಚ್ಕೊಂಡು ಬಂದಿದೀನಿ. ಅವಳನ್ನ ಆಡಿಕೊಂಡು ನಿಮ್ಮನ್ನ ನಗಿಸಿದೆ. ನಾಚಿಕೆ ಆಗ್ತಿದೆ ರೀ ನನಗೆ.

ಹಳೇ ಮನೆಯ ಮಾಲೀಕ ಮನೆ ಮಾರಿಬಿಟ್ಟ, ಅದಕ್ಕೆ ನಾವು ಬೀದಿಗೆ ಬಂದ್ವಿ, ಅಷ್ಟೇ. ಒಂದು ತಿಂಗಳೂ ಬಾಡಿಗೆ ತಪ್ಪಿಸಿದವಳಲ್ಲ. ಹ್ಯಾಪ್ ಅಂದ್ರೆ ನಿಮಗೇನು ನಷ್ಟ, ಹೇಳಿ? ಬಾಡಿಗೆ ಕೌನ್ಸಿಲ್‌ನಿಂದ ನೇರ ನಿಮ್ಮ ಬ್ಯಾಂಕಿಗೆ. ಮುಂಗಡಾನೂ ಅವರೇ ಕೊಡ್ತಾರೆ. ನಮಗೆ ಮನೆ ಹುಡುಕೋಕೇ ಅಂತ ಅಲ್ಲೊಬ್ಬಳು ಹುಡುಗಿ ಇದಾಳೆ, ಒಳ್ಳೆಯವಳು, ಈಗಲೇ ಫೋನ್ ಹಚ್ಚಿಕೊಡ್ತೀನಿ, ನೀವೇ ಮಾತಾಡಿ...

ಗಡಿಯಾರ ಯಾಕೆ ನೋಡ್ತೀರಾ?

ಓಹೋ! ಬೆಳಿಗ್ಗೆ ಬಂದ ಗಂಡ ಹೆಂಡತಿಗೆ ಮಾತು ಕೊಟ್ಟುಬಿಟ್ಟಿದೀರಾ? ಈಗ ನೆನಪಾಯ್ತಾ? ಭಲೇ! ಹ್ಯಾಪ್ ಅಂತ ಕಾರಣ ಹೇಳಿ ಓಡಿಸೋ ಹಾಗಿಲ್ಲ, ಕಾನೂನಿದೆ. ಅದಕ್ಕೇ ಎಲ್ಲ ಮಾಲೀಕರ ಮನೇನೂ ಬೆಳಿಗ್ಗೇನೇ ಬೇರೆಯವರಿಗೆ ಹೋಗಿರುತ್ತೆ. ಆ ಗಂಡ ಹೆಂಡತಿ ಈ ಡಬ್ಲಿನ್ನಲ್ಲಿ ಎಷ್ಟು ಮನೆ ಹಿಡಿದಿದಾರೋ, ಪುಣ್ಯಾತ್ಮರು! ನಾನು ಹೋದ ಕಡೆಯೆಲ್ಲ ನನಗಿಂತ ಮುಂಚೆ ಬಂದು ಹೋಗಿರ್ತಾರೆ.

ಎಲ್ಲಿಗೆ ಏಳ್ತೀರಾ? ಕೂತ್ಕೊಳ್ಳಿ. ಟೀ ಬಣ್ಣ ಬಿಟ್ಟಿದೆ. ನಿಮಗೊಂದು ಕಪ್ಪು, ನನಗೊಂದು ಕಪ್ಪು. ಅಡುಗೆಮನೇಲಿ, ಮೇಜಿನ ಮುಂದೆ, ಕುರ್ಚಿ ಮೇಲೆ ಕೂತು ಟೀ ಕುಡಿದು ಯಾವ ಕಾಲ ಆಯ್ತೋ... ಕುಡಿದೇ ಹೋಗ್ತೀನಿ. ನಿಧಾನಕ್ಕೆ ಕುಡೀತೀನಿ. ಅಲ್ಲೀವರೆಗೆ ನೀವು ನನ್ನ ಎದುರಿಗೇ ಕೂತಿರ್ಬೇಕು, ಮಿಸೆಸ್ ಟೂಹಿ.

ಸಕ್ಕರೆ ಎಷ್ಟು?