ಬಲಗಡೆಯ ಪೆಟ್ಟಿಗೆ

ಆ ಪೆಟ್ಟಿಗೆಯಲ್ಲಿ ಇರುವುದು ಒಬ್ಬ ಗಂಡಸಿನ ಬಲಭಾಗ ಎಂದು ಹಾಸ್ಟೆಲಿನಲ್ಲಿ ಎಲ್ಲರೂ ನಂಬಿದ್ದರು. ನಂಬದೆ ಏನು? ಒಂದೊಂದು ಎಲುಬಿನ ಮೇಲೂ ಕೆಂಪು ಬಣ್ಣದಲ್ಲಿ ‘ಬಲ’ ಎಂದು ಬರೆದಿತ್ತು. ಡಾಕ್ಟರಿಕೆಯ ಮೊದಲ ವರ್ಷಕ್ಕೆ ಅರ್ಧ ಮನುಷ್ಯ ಸಾಕು. ಅವನ ಒಂದು ಮಗ್ಗುಲು ಈ ಪೆಟ್ಟಿಗೆಗೆ, ಇನ್ನೊಂದು ಯಾವ ಊರಿಗೋ. ಐದು ವರ್ಷ ಐದು ಕೈ ದಾಟಿ ಅದು ಸುಶ್ಮಿತಾಳಿಗೆ ಬಂದಿತ್ತು. ಹಿಂದಿನವರು ಅದನ್ನು ತೆರೆದು ಓದಿದ ಗುರುತೇನೂ ಇರಲಿಲ್ಲ.

ಅವಳು ಓದಿದ್ದಳು. ಓದಿಯೂ ಫೇಲಾಗಿದ್ದಳು... ತೊಡೆಯ ಎಲುಬು ಎಡದ್ದೋ ಬಲದ್ದೋ ಎಂಬ ಪ್ರಶ್ನೆಯಲ್ಲಿ. ಮರುಪರೀಕ್ಷೆ ಮರುದಿನ ಬೆಳಿಗ್ಗೆ ಇತ್ತು. ಈ ಸಲವೂ ತಪ್ಪಿದರೆ ಒಂದು ವರ್ಷ ಮಣ್ಣು. ಹಾಸ್ಟೆಲಿನ ಗದ್ದಲ ಬೇಡವೆಂದು ಪೆಟ್ಟಿಗೆಯನ್ನು ಚೀಲಕ್ಕೆ ತುರುಕಿ, ಗದಗಿನಿಂದ ಊರಿಗೆ ಹೋಗುವ ಕಡೆಯ ಬಸ್ಸು ಹಿಡಿದಳು.

ಅಂತೂರ ಬೆಂತೂರ ದಾರಿಗೆ ಇಳಿದಾಗ ಮಳೆ ಆಗಷ್ಟೇ ನಿಂತಿತ್ತು. ಫಕ್ಕೀರಪ್ಪ ಕಾಕಾ ಬ್ಯಾಟರಿ ಹಿಡಿದು ನಿಂತಿದ್ದ.

“ಚೀಲದಾಗ ಏನವಾ ಅದು, ಖಟಖಟ ಅಂತೈತಿ?”

“ಮನಷ್ಯಾ, ಕಾಕಾ. ಅರ್ಧ.”

ಕಾಕಾ ಎರಡು ಮಾರು ಆಚೆ ಸರಿದ. “ಮೊದಲ ಹೇಳಬಾರದ? ನಿಮ್ಮ ಕಾಕಿ ನಮ್ಮಿಬ್ಬರನ್ನೂ ಹೊರಗ ಮಲಗಸ್ತಾಳ.”

“ಮೂರೂ ಮಂದಿನ್ನ ಅನ್ನು.”

ಕಾಕಾ ಬ್ಯಾಟರಿಯ ಬೆಳಕು ಮುಂದೆ ಬಿಟ್ಟು ನಡೆದ.

ಹಾಳುಬಾವಿಯ ಹತ್ತಿರ ಶುರುವಾಯಿತು. ಪಚಕ್... ಒದ್ದೆ ಅಂಗಾಲು ಎರೆಮಣ್ಣಿನಿಂದ ಕಿತ್ತುಕೊಳ್ಳುವ ಸಪ್ಪಳ. ಆಮೇಲೆ ದೀರ್ಘ ಬಿಡುವು. ದಪ್... ಮೈಭಾರವೆಲ್ಲ ಬಿದ್ದ ಹಾಗೆ. ಮತ್ತೆ ಪಚಕ್. ಇವರು ನಿಂತರೆ ಅದೂ ನಿಂತಿತು.

“ನಾಯಿ,” ಎಂದಳು ಸುಶ್ಮಿತಾ.

“ಒಂದ ಕಾಲಿನ ನಾಯಿ?” ಕಾಕಾ ಪಿಸುಗುಟ್ಟಿದ.

ಹೆಗಲು ನೋಯುತ್ತಿತ್ತು. ಅವಳು ಚೀಲವನ್ನು ಬಾವಿಯ ಕಟ್ಟೆಯ ಬುಡಕ್ಕೆ ಇಳಿಸಿದಳು. ಆಗ ಮಾತ್ರ ಅದು ನಿಲ್ಲಲಿಲ್ಲ. ಪಚಕ್... ದಪ್. ಪಚಕ್... ದಪ್. ಹತ್ತಿರ... ಇನ್ನೂ ಹತ್ತಿರ. ಕಾಕಾನ ಕೈಯಿಂದ ಬ್ಯಾಟರಿ ಜಾರಿ ಕೆಸರಿಗೆ ಬಿತ್ತು. ಅವಳು ಅದನ್ನು ಎತ್ತಿ ಬೆಳಕು ಬಿಟ್ಟಳು.

ಯಾರೂ ಇಲ್ಲ. ಹೆಜ್ಜೆಗಳಿದ್ದವು. ಬರಿಗಾಲಿನವು, ಒಂದರ ಮುಂದೊಂದು, ಒಂದೇ ಪಾದದವು. ಕೊನೆಯದು ಚೀಲಕ್ಕೆ ತಾಗಿಕೊಂಡೇ ಇತ್ತು... ಅದರೊಳಗೆ ನೀರು ಇನ್ನೂ ಒಸರುತ್ತಿತ್ತು.

“ತನ್ನದನ್ನ ಕೇಳಾಕ ಬಂದಾನ,” ಎಂದ ಕಾಕಾ. “ಕೊಟ್ಟಬಿಡವಾ. ಚೀಲ ಇಲ್ಲೇ ಇಟ್ಟು ಹೋಗೂಣು.”

“ನಾಳಿ ಪರೀಕ್ಷೆಗೆ ನಿನ್ನ ಎಲಬು ಓದಲೇನು?” ಅವಳು ಹೆಜ್ಜೆಗಳ ಹಿಂದೆ ಹೋಗಿ, ಅವು ಸಾಗಿದ ಕಡೆಗೇ ಮುಖ ಮಾಡಿ ಬಗ್ಗಿ ನೋಡಿದಳು. “ಹೆಬ್ಬೆರಳು ಎಡಕ್ಕೈತಿ ನೋಡು. ಅಂದ್ರ ಇದು ಬಲಗಾಲು. ಚೀಲದಾಗಿನವನ ಬಲಗಾಲು ನನ್ನ ಕಡೆನ ಐತಿ. ಅಂವ ಬಂದಿದ್ರ ಎಡಗಾಲಿಲೆ ಬರಬೇಕಿತ್ತು. ಇಂವ ಅಂವ ಅಲ್ಲ.”

“ಮತ್ಯಾರು?”

“ಯಾರರ ಕುಂಟ.”

“ಕೋಲಿನ ಗುರುತ ಎಲ್ಲೈತವಾ?”

ಇರಲಿಲ್ಲ. ಅವಳು ಚೀಲ ಹೆಗಲಿಗೇರಿಸಿ ನಡೆದಳು. ಸಪ್ಪಳ ಮನೆಯ ಹೊಸ್ತಿಲವರೆಗೂ ಬಂತು. ತರ್ಕ ಸರಿಯಿತ್ತು, ಹಾಗಾಗಿ ಅವಳು ಕುಳಿತು ಓದಿದಳು. ಪ್ರತಿ ಎಲುಬನ್ನೂ ಕೆಂಪು ಅಕ್ಷರಕ್ಕೆ ಹೊಂದಿಸಿ, ಬಾಯಿಪಾಠ ಮಾಡಿ, ಎರಡು ತಾಸು ನಿದ್ದೆಯನ್ನೂ ಮಾಡಿದಳು.

ಬೆಳಿಗ್ಗೆ ಪರೀಕ್ಷಕರು ಒಂದು ತೊಡೆಯ ಎಲುಬು ಕೈಗಿತ್ತರು. ಅವಳ ಪೆಟ್ಟಿಗೆಯದ್ದಕ್ಕೆ ಸರಿಯಾಗಿ ತಿರುವುಮುರುವಾಗಿತ್ತು. ತಡವರಿಸದೆ ಹೇಳಿದಳು: “ಎಡ.”

“ಬಲ,” ಎಂದರು ಅವರು. “ಹ್ವಾದ ಸಲಾನೂ ಇದ ತಪ್ಪು. ಯಾವುದನ್ನ ನೋಡಿ ಕಲಿತಿ? ತಗಿ.”

ಪೆಟ್ಟಿಗೆ ಚೀಲದಲ್ಲೇ ಇತ್ತು, ತೆಗೆದಳು. ಅವರು ಅವಳ ಎಲುಬನ್ನು ಹಿಡಿದರು. ಗುಂಡು ತಲೆ ಮೇಲಕ್ಕೆ, ಒಳಮಗ್ಗುಲಿಗೆ. ಕೆಳತುದಿಯ ಉಬ್ಬು ಹಿಂದಕ್ಕೆ. ಹಾಗೇ ತಮ್ಮ ತೊಡೆಗೆ ತಂದು ಹೊಂದಿಸಿದರು. ಆಮೇಲೆ ಪಾದ, ಆಮೇಲೆ ಕೈ, ಒಂದೊಂದಾಗಿ ಎಲ್ಲವನ್ನೂ.

“ಯಾವನೋ ಹೆಣದ ಎದುರಿಗೆ ನಿಂತು ತನ್ನ ಬಲಕ್ಕ ಬರದಾನ,” ಎಂದರು. “ಹೆಣದ ಬಲ ನೋಡಬೇಕಿತ್ತು.”

ಸುಶ್ಮಿತಾಳ ವರ್ಷ ಹೋಯಿತು. ಇದು ನಡೆದದ್ದು, ಒಪ್ಪದವರು ಫಕ್ಕೀರಪ್ಪನನ್ನು ಕೇಳಬಹುದು, ಅವನು ಈಗ ಆ ಬಾವಿ ಬಿಟ್ಟು ಊರು ಸುತ್ತಿ ಬರುತ್ತಾನೆ. ಪೆಟ್ಟಿಗೆಯಲ್ಲಿದ್ದದ್ದು ಎಡಗಾಲು.